ಓಲಿ ಯಾಕೆ ಅಷ್ಟು ಗುಂಡಗಿದ್ದಾನೆ?

ಪ್ರಶ್ನೆ: ಸರ್, ನನ್ನ ಮಗಳಿಗೆ ಮೂರೂವರೆ ವರ್ಷ. ಫೋನಲ್ಲಿ ಎಲ್ಲೋ ಸಿಕ್ಕಿದ ಹಳೇ ಕಾರ್ಟೂನ್ ಒಂದನ್ನ ಹಿಡ್ಕೊಂಡು ಕೂತಿದಾಳೆ, ರೋಲಿ ಪೋಲಿ ಓಲಿ ಅಂತ. ಅದ್ರಲ್ಲಿ ಮನೆ, ಮರ, ನಾಯಿ, ಅಪ್ಪ ಅಮ್ಮ ಎಲ್ಲಾ ಗುಂಡು ಗುಂಡು. ಇವಳು ಗುಂಡಣ್ಣ ಅಂತ ಹೆಸರಿಟ್ಟಿದಾಳೆ. ನಮ್ಮನೆಯವರು ನೋಡಿ "ಕಂಪ್ಯೂಟರ್ ಕೋರ್ಸ್ ಮಾಡೋ ಹುಡುಗ್ರು ಮಾಡಿದ ಹಾಗಿದೆ, ಆಗಿನ ಕಾಲಕ್ಕೆ ಇಷ್ಟೇ ಬರ್ತಿತ್ತು, ಅದಕ್ಕೇ ಗುಂಡು" ಅಂತಾರೆ. ನನ್ನ ತಮ್ಮ "ಇದು ರೋಬೋಟ್ಸ್ ಸಿನಿಮಾ ಕಾಪಿ" ಅಂತಾನೆ. ಅತ್ತೆ ಹೆಸರು ಕೇಳಿ "ಮಗೂಗೆ ಪೋಲಿ ಕಾರ್ಟೂನ್ ಯಾಕೆ ತೋರಿಸ್ತೀಯ" ಅಂದ್ರು. ಯಾರು ಸರಿ ಹೇಳಿ. ಇದನ್ನ ನೋಡೋದ್ರಿಂದ ಏನಾದ್ರೂ ತೊಂದರೆ ಇದ್ಯಾ ಅಂತಾನೂ ತಿಳಿಸಿ.

ಉತ್ತರ: ಮೊದಲು ಅತ್ತೆಯವರ ಕೇಸ್ ಮುಗಿಸ್ಬಿಡೋಣ ಮೇಡಂ. ಇಂಗ್ಲಿಷಲ್ಲಿ ರೋಲಿ ಪೋಲಿ ಅಂದ್ರೆ ಗುಂಡ, ಡುಮ್ಮ ಅಂತ, ಕೆನ್ನೆ ಹಿಂಡಿ ಕರೆಯೋ ತರ. ನಮ್ಮ ಪೋಲಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮಗಳು ಇಟ್ಟಿರೋ ಗುಂಡಣ್ಣ ಅನ್ನೋದು ಆ ಹೆಸರಿನ ಪಕ್ಕಾ ಕನ್ನಡ, ಅವಳಿಗೆ ಯಾರೂ ಹೇಳಿಕೊಡದೇನೇ ಬಂದಿದೆ.

ಇನ್ನು ನಿಮ್ಮನೆಯವರು. ಅವರು ಅರ್ಧ ಸರಿ, ಆ ಅರ್ಧ ತುಂಬಾ ಇಂಟರೆಸ್ಟಿಂಗ್ ಆಗಿರೋದ್ರಿಂದ ಸ್ವಲ್ಪ ಉದ್ದಕ್ಕೆ ಬರೀತೀನಿ, ಟೀ ಮಾಡ್ಕೊಂಡು ಬನ್ನಿ. ನಾನು ಇಪ್ಪತ್ತು ವರ್ಷದ ಮೇಲಾಯ್ತು ಇದೇ ತ್ರೀಡಿ ಕೆಲಸ ಮಾಡ್ತಾ, ಈಗ ಪಾಠಾನೂ ಮಾಡ್ತೀನಿ, ಪ್ರತಿ ಬ್ಯಾಚ್‌ಗೂ ಮೊದಲನೇ ವಾರ ಓಲಿಯನ್ನೇ ತೋರ್ಸೋದು. ಹುಡುಗ್ರು ನಗ್ತಾರೆ, "ಸರ್ ಇದಾ?" ಅಂತಾರೆ. ನಾಲ್ಕನೇ ವಾರಕ್ಕೆ ನಗು ನಿಂತಿರತ್ತೆ.

ಓಲಿ ಅನ್ನೋ ಪುಟ್ಟ ರೋಬೋಟ್ ಹುಡುಗನ ಈ ಸೀರೀಸ್ ಶುರುವಾಗಿದ್ದು 1998ರ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ ಡಿಸ್ನಿ ಚಾನೆಲ್‌ನ ಪುಟ್ಟ ಮಕ್ಕಳ ವಿಭಾಗದಲ್ಲಿ. ಮಾಡಿದ್ದು ಡಿಸ್ನಿಯವರಲ್ಲ, ಕೆನಡಾದ ಟೊರಾಂಟೋದ ನೆಲ್ವಾನಾ, ಜೊತೆಗೆ ಪ್ಯಾರಿಸ್‌ನ ಸ್ಪಾರ್ಕ್ಸ್ ಅನ್ನೋ ಸ್ಟುಡಿಯೋ. ಕಲ್ಪನೆ ವಿಲಿಯಂ ಜಾಯ್ಸ್ ಅನ್ನೋ ಅಮೆರಿಕದ ಚಿತ್ರಪುಸ್ತಕ ಕಲಾವಿದನದ್ದು, ಲೂಸಿಯಾನಾದ ಶ್ರೀವ್‌ಪೋರ್ಟ್‌ನವನು. ನೆಲ್ವಾನಾ ಅನ್ನೋದು 1940ರ ದಶಕದ ಕೆನಡಾದ ಕಾಮಿಕ್ಸ್ ನಾಯಕಿಯೊಬ್ಬಳ ಹೆಸರು, 1971ರಲ್ಲಿ ಮೂವರು ಗೆಳೆಯರು ಸೇರಿ ಕಂಪನಿ ಕಟ್ಟಿದಾಗ ಅದನ್ನೇ ಇಟ್ಕೊಂಡ್ರು. ಕೆನಡಾ ಮತ್ತೆ ಫ್ರಾನ್ಸ್ ಯಾಕೆ ಕೈ ಜೋಡಿಸಿದ್ವು ಅಂದ್ರೆ ಎರಡು ದೇಶಕ್ಕೂ ಜಂಟಿ ನಿರ್ಮಾಣದ ಒಪ್ಪಂದ ಇದೆ, ಎರಡೂ ಕಡೆ "ನಮ್ಮ ಸ್ವದೇಶಿ ಕಾರ್ಯಕ್ರಮ" ಅಂತ ಲೆಕ್ಕಕ್ಕೆ ಬರತ್ತೆ, ಸಬ್ಸಿಡಿ ಎರಡೂ ಕಡೆಯಿಂದ ಸಿಗತ್ತೆ. ಅದು ದುಡ್ಡಿನ ವಿಷಯ, ಬಿಡಿ.

ಈಗ 1998ರಲ್ಲಿ ಕಂಪ್ಯೂಟರ್ ಅನಿಮೇಷನ್ ಅಂದ್ರೆ ಎಲ್ಲಿತ್ತು ನೋಡಿ. ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದ ಮೊದಲ ಫುಲ್ ಲೆಂಗ್ತ್ ಸಿನಿಮಾ ಟಾಯ್ ಸ್ಟೋರಿ ಬಂದಿದ್ದೇ 1995ರ ನವೆಂಬರ್. ಅದಕ್ಕೆ ನೂರಕ್ಕೂ ಹೆಚ್ಚು ಮಷೀನು ಹಗಲು ರಾತ್ರಿ ಓಡಿದ್ವು, ಒಂದೊಂದು ಫ್ರೇಮ್, ಅಂದ್ರೆ ಒಂದೊಂದು ಬಿಡಿ ಚಿತ್ರ, ರೆಂಡರ್ ಆಗೋಕೆ ಗಂಟೆಗಟ್ಟಲೆ ಹಿಡೀತಿತ್ತು. ರೆಂಡರ್ ಅಂದ್ರೆ, ಬೊಂಬೆ ಎಲ್ಲಿದೆ ಲೈಟ್ ಎಲ್ಲಿದೆ ಬಣ್ಣ ಏನು ಅಂತ ನಾವು ಹೇಳಿದ್ಮೇಲೆ ಕಂಪ್ಯೂಟರ್ ಕೂತು ಚುಕ್ಕಿ ಚುಕ್ಕಿಯಾಗಿ ಚಿತ್ರ ಲೆಕ್ಕ ಹಾಕೋದು. ಸಿನಿಮಾದೋರು ನಾಲ್ಕು ವರ್ಷ ತಗೋಬಹುದು. ಟೀವಿಯೋರಿಗೆ ಆ ಭಾಗ್ಯ ಇಲ್ಲ.

ಒಂದು ಲೆಕ್ಕ ಹಾಕೋಣ. ಓಲಿಯ ಒಂದು ಕಂತು ಅಂದ್ರೆ ಏಳೇಳು ನಿಮಿಷದ ಮೂರು ಕಥೆ, ಟೈಟಲ್ ಎಲ್ಲಾ ಸೇರಿ 22 ನಿಮಿಷ ಅಂದ್ಕೊಳ್ಳಿ. ಸೆಕೆಂಡಿಗೆ 24 ಫ್ರೇಮ್ ಹಿಡಿದ್ರೂ 31,680 ಫ್ರೇಮ್ ಆಯ್ತು. ಒಂದು ಫ್ರೇಮಿಗೆ ಒಂದು ಗಂಟೆ ಬೇಕು ಅಂದ್ರೆ ಒಂದೇ ಮಷೀನಲ್ಲಿ ಒಂದು ಕಂತಿಗೆ ಮೂರೂವರೆ ವರ್ಷದ ಮೇಲೆ, ಅಂದ್ರೆ ನಿಮ್ಮ ಮಗಳು ಹುಟ್ಟಿದಾಗ ಬಟನ್ ಒತ್ತಿದ್ರೆ ಈಗ ಮುಗೀತಿತ್ತು. ಐವತ್ತು ಮಷೀನ್ ಇಟ್ರೂ 26 ದಿನ. ಅದೇ ಫ್ರೇಮಿಗೆ ಹತ್ತು ನಿಮಿಷಕ್ಕೆ ಇಳಿಸಿದ್ರೆ ಐವತ್ತು ಮಷೀನಲ್ಲಿ ನಾಲ್ಕೂವರೆ ದಿನಕ್ಕೆ ಕಂತು ರೆಡಿ. ಟೀವಿ ಸೀರೀಸ್ ಮಾಡೋಕಾಗತ್ತಾ ಇಲ್ವಾ ಅನ್ನೋದು ಈ ಒಂದು ಗಂಟೆ ಮತ್ತೆ ಹತ್ತು ನಿಮಿಷದ ಮಧ್ಯೆ ಇರೋ ಪ್ರಶ್ನೆ (ಅಂಕಿ ನಾನು ಉದಾಹರಣೆಗೆ ಹಾಕಿದ್ದು, ಆದ್ರೆ ಲೆಕ್ಕದ ದಾರಿ ಇದೇ).

ಹಾಗಾದ್ರೆ ಹತ್ತು ನಿಮಿಷಕ್ಕೆ ಇಳಿಸೋದು ಹೇಗೆ? ಕಂಪ್ಯೂಟರಿಗೆ ಯಾವುದು ಸಲೀಸೋ ಅದನ್ನೇ ಕೊಡ್ಬೇಕು. ಕಂಪ್ಯೂಟರಿಗೆ ಗೋಲದಷ್ಟು ಸಲೀಸು ಇನ್ನೊಂದಿಲ್ಲ. ಮಧ್ಯಬಿಂದು ಎಲ್ಲಿ, ತ್ರಿಜ್ಯ ಎಷ್ಟು, ಎರಡು ಮಾತು ಹೇಳಿದ್ರೆ ಗೋಲ ಬಂತು. ಅದೇ ಮನುಷ್ಯನ ಮೂಗು ಹೇಳಿ ನೋಡೋಣ? ಸಾವಿರಾರು ಬಿಂದು ಬೇಕು, ಆಮೇಲೂ ಮೂಗು ಪಕ್ಕದ್ಮನೆಯೋರ ಮೂಗಿನ ತರ ಬಂದಿರತ್ತೆ.

ಇನ್ನು ಬೆಳಕು. ಗೋಲದ ಮೇಲೆ ಒಂದು ಕಡೆ ಬಿಳಿ ಮಿಂಚು, ಇನ್ನೊಂದು ಕಡೆ ಮೆಲ್ಲಗೆ ಕತ್ತಲಾಗ್ತಾ ಹೋಗೋದು, ಇದನ್ನ ಅಗ್ಗದಲ್ಲಿ ಲೆಕ್ಕ ಹಾಕೋ ಸೂತ್ರ ಕೊಟ್ಟಿದ್ದು ವಿಯೆಟ್ನಾಂನಲ್ಲಿ ಹುಟ್ಟಿದ ಬುಯಿ ತುವೊಂಗ್ ಫೊಂಗ್ ಅನ್ನೋನು, ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ, 1973ರ ಥೀಸಿಸ್. ಪಾಪ, 1975ರಲ್ಲಿ ಪೇಪರ್ ಅಚ್ಚಾದ ವರ್ಷಾನೇ ತೀರಿಕೊಂಡ, ಇನ್ನೂ ಮೂವತ್ತರ ಆಸುಪಾಸು. ಇವತ್ತಿಗೂ ಎಷ್ಟೋ ತ್ರೀಡಿ ಸಾಫ್ಟ್‌ವೇರಲ್ಲಿ ಫಾಂಗ್ ಅಂತ ಅವನ ಹೆಸರಲ್ಲಿ ಒಂದು ಮೆಟೀರಿಯಲ್ ಕೂತಿರತ್ತೆ, ನಮ್ಮ ಹುಡುಗ್ರು ಅದು ಯಾವುದೋ ಟೆಕ್ನಿಕಲ್ ಪದ ಅಂದ್ಕೊಂಡಿರ್ತಾರೆ. ಫಾಂಗ್ ಸೂತ್ರದ್ದು ಒಂದೇ ಕೊರತೆ, ಏನು ಮಾಡಿದ್ರೂ ಪ್ಲಾಸ್ಟಿಕ್ ತರ ಕಾಣತ್ತೆ. ಮುಖ ಮಾಡಿದ್ರೆ ಪ್ಲಾಸ್ಟಿಕ್ ಮುಖ, ಮಾವಿನಹಣ್ಣು ಮಾಡಿದ್ರೆ ಪ್ಲಾಸ್ಟಿಕ್ ಮಾವಿನಹಣ್ಣು. ಚರ್ಮ ಹಾಗಲ್ಲ, ಬೆಳಕು ಒಳಗೆ ಹೋಗಿ ಸುತ್ತಾಡಿ ಬೇರೆ ಕಡೆ ಈಚೆ ಬರತ್ತೆ. ಕರೆಂಟ್ ಹೋದಾಗ ಟಾರ್ಚ್ ಮೇಲೆ ಅಂಗೈ ಇಟ್ರೆ ಬೆರಳೆಲ್ಲಾ ಕೆಂಪಗೆ ಹೊಳೆಯಲ್ವಾ, ಅದೇ. ಅದನ್ನ ಕಂಪ್ಯೂಟರಲ್ಲಿ ಕೆಲಸಕ್ಕೆ ಬರೋ ಹಾಗೆ ಲೆಕ್ಕ ಹಾಕೋ ದಾರಿ ಸಿಕ್ಕಿದ್ದು 2001ರಲ್ಲಿ. ಓಲಿ ಹುಟ್ಟಿದ ಮೂರು ವರ್ಷಕ್ಕೆ.

ಅದಕ್ಕೇ ಆ ಕಾಲದೋರೆಲ್ಲಾ ಮಾಡಿದ್ದು ಒಂದೇ ಕೆಲಸ, ಪ್ಲಾಸ್ಟಿಕ್ ಅಂತ ಕಂಡ್ರೂ ಯಾರೂ ಬೇಜಾರು ಮಾಡ್ಕೊಳ್ದೇ ಇರೋ ಪಾತ್ರ ಹುಡುಕಿದ್ದು. ಟಾಯ್ ಸ್ಟೋರಿಯಲ್ಲಿ ಆಟದ ಸಾಮಾನು. ಫ್ರಾನ್ಸ್‌ನಲ್ಲಿ ಇನ್ನೂ ಮುಂಚೆ, 1989ರ ಹೊತ್ತಿಗೇ, ಫಾಂಟೋಮ್ ಅನ್ನೋ ಸ್ಟುಡಿಯೋದೋರು ಲಾ ಫೋಂಟೇನ್‌ನ ನೀತಿಕಥೆಗಳನ್ನ ತ್ರಿಕೋನ, ಗೋಲ, ಸಿಲಿಂಡರಿಂದ ಮಾಡಿದ ಪ್ರಾಣಿಗಳಲ್ಲಿ ತೆಗೆದಿದ್ರು, ಪುಟಾಣಿ ಪುಟಾಣಿ ಕಂತು. ಕೆನಡಾದ ವ್ಯಾಂಕೂವರ್‌ನಲ್ಲಿ 1994ರಲ್ಲಿ ರೀಬೂಟ್ ಅಂತ ಬಂತು, ಅರ್ಧ ಗಂಟೆಯ ಪೂರ್ತಿ ಕಂಪ್ಯೂಟರ್ ಸೀರೀಸ್‌ಗಳಲ್ಲಿ ಮೊದಲನೇದು ಅದು, ಅವ್ರು ಇನ್ನೂ ಚಾಲಾಕಿ, ಕಥೆ ನಡೆಯೋದೇ ಕಂಪ್ಯೂಟರಿನ ಒಳಗೆ ಅಂದ್ಬಿಟ್ರು, ಏನೇ ಕೃತಕವಾಗಿ ಕಂಡ್ರೂ ಅದು ಕಥೆಯ ಭಾಗ. ಅಮೆರಿಕದ ವೆಜಿಟೇಲ್ಸ್, 1993ರಲ್ಲಿ ವಿಡಿಯೋ ಕ್ಯಾಸೆಟ್ಟಲ್ಲಿ ಬಂದಿದ್ದು, ಬೈಬಲ್ ನೀತಿ ಹೇಳೋ ಟೊಮೇಟೊ ಮತ್ತೆ ಸೌತೆಕಾಯಿ. ಯಾಕೆ ತರಕಾರಿ ಅಂದ್ರೆ ಕೈ ಇಲ್ಲ, ಕಾಲಿಲ್ಲ, ಕೂದಲಿಲ್ಲ, ಬಟ್ಟೆ ಇಲ್ಲ. ಅದನ್ನ ಮಾಡಿದ ಫಿಲ್ ವಿಷರ್ ಮೊದಲು ಚಾಕ್ಲೇಟ್ ಬಾರ್ ಪಾತ್ರ ಬರೆದಿದ್ನಂತೆ, ಹೆಂಡತಿ ನೋಡಿ ಮಕ್ಕಳಿಗೆ ಚಾಕ್ಲೇಟ್ ಮೇಲೆ ಪ್ರೀತಿ ಬರ್ಸಿದ್ರೆ ತಾಯಂದಿರು ಸುಮ್ನಿರ್ತಾರಾ ಅಂದ್ಮೇಲೆ ಸೌತೆಕಾಯಿ ಆಯ್ತು. ಮನೆಯಲ್ಲಿ ಒಬ್ರಾದ್ರೂ ಸೆನ್ಸಿಬಲ್ ಆಗಿರ್ಬೇಕು.

ಇಲ್ಲಿವರೆಗೆ ನಿಮ್ಮನೆಯವರು ಸರಿ. ಮಷೀನಿಗೆ ಆಗ್ತಿದ್ದಿದ್ದು ಗುಂಡು, ಅದಕ್ಕೇ ಗುಂಡು.

ಆದ್ರೆ ಇವರೆಲ್ಲರಿಗಿಂತ ಓಲಿಯೋರು ಒಂದು ಹೆಜ್ಜೆ ಮುಂದೆ ಹೋದ್ರು, ಅದು ನಿಮ್ಮನೆಯವರು ಮಿಸ್ ಮಾಡಿರೋ ಅರ್ಧ. ಟಾಯ್ ಸ್ಟೋರಿಯಲ್ಲಿ ಬೊಂಬೆಗಳು ಚೆನ್ನಾಗಿದಾವೆ, ಆ ಹುಡುಗ ಆಂಡಿ ಮತ್ತೆ ಪಕ್ಕದ್ಮನೆ ನಾಯಿನ ಇವತ್ತು ಹಾಕಿ ನೋಡಿ, ಏನೋ ಒಂಥರಾ ಕಸಿವಿಸಿ ಆಗತ್ತೆ. ಯಾಕಂದ್ರೆ ಆ ಕಥೆಗೆ ಮನುಷ್ಯರು ಬೇಕೇ ಬೇಕಿತ್ತು, ತಪ್ಪಿಸೋಕೆ ಆಗ್ಲಿಲ್ಲ. ಓಲಿ ಇರೋ ಗ್ರಹದಲ್ಲಿ ತಪ್ಪಿಸ್ಬೇಕಾದ್ದು ಏನೂ ಇಲ್ಲ. ಗ್ರಹ ಗುಂಡು, ಮನೆ ಗುಂಡು, ಕುರ್ಚಿ ಗುಂಡು, ತಂಗಿ ಜೋವಿ, ನಾಯಿ ಸ್ಪಾಟ್, ಅಜ್ಜ ಪ್ಯಾಪಿ, ಎಲ್ರೂ ಗುಂಡು. ಕಣ್ಣಿಗೆ ಹೋಲಿಸಿ ನೋಡೋಕೆ ಅಲ್ಲಿ ಒಂದೂ ನಿಜವಾದ ವಸ್ತು ಇಲ್ಲ, ಹಾಗಾಗಿ ಯಾವುದೂ ಸುಳ್ಳು ಅಂತ ಅನ್ನಿಸಲ್ಲ. ಬಡತನ ಮುಚ್ಚಿಡೋಕೆ ಹೋಗ್ದೇ ಇಡೀ ಊರಿಗೆ ಅದೇ ಸಮವಸ್ತ್ರ ಹೊಲಿಸಿದ ಹಾಗೆ.

ನಿಜ ಹೇಳ್ಬೇಕಂದ್ರೆ ಇದು ನಮಗೆ ಹೊಸದಲ್ಲ. ಚನ್ನಪಟ್ಟಣದ ಗೊಂಬೆ ನೆನಪು ಮಾಡ್ಕೊಳ್ಳಿ. ಹಾಲೆ ಮರದ ತುಂಡನ್ನ ತಿರುಗೋ ಲೇಥಿಗೆ ಹಾಕಿ ಉಳಿ ಹಿಡೀತಾರೆ, ತಿರುಗೋದ್ರಲ್ಲಿ ಕೆತ್ತಿದ್ರೆ ಗುಂಡು ಬಿಟ್ಟು ಬೇರೆ ಬರೋದೇ ಇಲ್ಲ, ಅರಗು ಒತ್ತಿದ್ರೆ ಉಜ್ಜಾಟದ ಬಿಸಿಗೇ ಕರಗಿ ಬಣ್ಣ ಕೂತ್ಕೊಳ್ಳತ್ತೆ. ರಾಜ ರಾಣಿ, ಗಿಲಕಿ, ಎತ್ತಿನಗಾಡಿ ಚಕ್ರ, ಎಲ್ಲದಕ್ಕೂ ಗುಂಡು ಮೈ. ಯಾರಾದ್ರೂ ಅದನ್ನ ನೋಡಿ "ಪಾಪ ಇವ್ರಿಗೆ ಮೂಲೆ ಮಾಡೋಕೆ ಬರಲ್ಲ" ಅಂತಾರಾ? ತಮಾಷೆ ಅಂದ್ರೆ ತ್ರೀಡಿ ಸಾಫ್ಟ್‌ವೇರಲ್ಲೂ ಒಂದು ಗೆರೆ ಬರೆದು ಅದನ್ನ ಸುತ್ತ ತಿರುಗಿಸಿ ಹೂಜಿ, ಬುಗುರಿ ಮಾಡೋ ಕಮಾಂಡ್ ಇದೆ, ಅದರ ಹೆಸರೇ ಕೆಲವು ಸಾಫ್ಟ್‌ವೇರಲ್ಲಿ ಲೇಥ್. ನಮ್ಮ ಕ್ಲಾಸಿಗೆ ರಾಮನಗರ ಕಡೆಯ ಹುಡುಗ ಒಬ್ಬ ಬಂದಿದ್ದ, ಆ ಕಮಾಂಡ್ ತೋರಿಸಿದ ತಕ್ಷಣ "ಇದು ನಮ್ಮೂರ ಕೆಲಸ ಸರ್" ಅಂದ, ಆಮೇಲೆ ಆ ವಾರ ಪೂರ್ತಿ ಅವನೇ ಉಳಿದೋರಿಗೆ ಹೇಳಿಕೊಟ್ಟ.

ಈಗ ಓಲಿಯ ಕೈಗೆ ಬನ್ನಿ. ಮುಂದಿನ ಸಲ ಮಗಳು ನೋಡೋವಾಗ ಪಾಜ್ ಮಾಡಿ ಗಮನಿಸಿ, ಅವನಿಗೆ ಮೊಣಕೈ ಇಲ್ಲ. ಭುಜದಿಂದ ಅಂಗೈವರೆಗೆ ಗ್ಯಾಸ್ ಪೈಪಿನ ತರ ಒಂದೇ ಕೊಳವೆ, ಬಳುಕತ್ತೆ. ಕಾಲೂ ಹಾಗೇ. ಇದು ಚಂದಕ್ಕೆ ಮಾತ್ರ ಮಾಡಿದ್ದಲ್ಲ. ತ್ರೀಡಿ ಪಾತ್ರದ ಒಳಗೆ ಮೂಳೆ ಇಟ್ಟು ಮೇಲೆ ಚರ್ಮ ಹೊದಿಸ್ತೀವಿ, ಚರ್ಮದ ಒಂದೊಂದು ಬಿಂದುಗೂ "ನೀನು ಮೇಲಿನ ಮೂಳೆ ಮಾತು ಇಷ್ಟು ಕೇಳು, ಕೆಳಗಿನದ್ದು ಇಷ್ಟು ಕೇಳು" ಅಂತ ಪಾಲು ಹಂಚ್ತೀವಿ, ಇದಕ್ಕೆ ರಿಗ್ಗಿಂಗ್ ಅಂತಾರೆ. ಮೊಣಕೈ ಪೂರ್ತಿ ಮಡಚಿದಾಗ ಆ ಬಿಂದುಗಳು ಇಬ್ಬರು ಯಜಮಾನರ ಮಧ್ಯೆ ಸಿಕ್ಕಿಹಾಕ್ಕೊಂಡು ಒಳಗೆ ಕುಸೀತಾವೆ, ಕೈ ಅಲ್ಲಿ ಸಪೂರ ಆಗೋಗತ್ತೆ. ಮುಂಗೈ ತಿರುಗಿಸಿದ್ರೆ ಇನ್ನೂ ಕಷ್ಟ, ಚಾಕ್ಲೇಟ್ ಪೇಪರ್ ತಿರುಚಿದ ಹಾಗೆ ಆಗತ್ತೆ, ನಮ್ಮ ಫೀಲ್ಡಲ್ಲಿ ಅದನ್ನ ಕರೆಯೋದೂ ಚಾಕ್ಲೇಟ್ ಪೇಪರ್ ಪ್ರಾಬ್ಲಮ್ ಅಂತಾನೇ.

ನಂಗೆ ಇದು ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, ಬೆಂಗಳೂರಲ್ಲೇ ಒಂದು ಸ್ಟುಡಿಯೋ, ಹೊರದೇಶದ ಯಾವುದೋ ಸೀರೀಸಿಗೆ ಅಜ್ಜಿ ಪಾತ್ರ ನನ್ನ ಪಾಲಿಗೆ ಬಂತು. ಅಜ್ಜಿ ಕಪ್ಪು ಎತ್ತಿ ಟೀ ಕುಡೀಬೇಕು, ಅಷ್ಟೇ ಶಾಟ್. ಮೊಣಕೈ ಮಡಚಿದ್ರೆ ಒಗೆದು ಹಿಂಡಿದ ಬಟ್ಟೆ ತರ, ಸರಿ ಮಾಡಿದ್ರೆ ಸ್ವೆಟರ್ ಒಳಗಿಂದ ಚರ್ಮ ಈಚೆ ಬರ್ತಿತ್ತು, ಅದನ್ನ ಸರಿ ಮಾಡಿದ್ರೆ ಭುಜ ಎದ್ದು ಕಿವಿಗೆ ತಾಗ್ತಿತ್ತು. ಹನ್ನೊಂದು ದಿನ. ಕೊನೆಗೆ ಡೈರೆಕ್ಟರ್ ಬಂದು ನೋಡಿ "ಕಪ್ಪು ಟೇಬಲ್ ಮೇಲೇ ಇರ್ಲಿ, ಅಜ್ಜಿ ಸುಮ್ನೆ ನೋಡ್ಲಿ" ಅಂದು ಶಾಟ್ ಬದಲಾಯಿಸಿಬಿಟ್ರು. ಹನ್ನೊಂದು ದಿನದ ಕೆಲಸ ಹೋಯ್ತು, ಅಜ್ಜಿಗೆ ಟೀನೂ ಸಿಗ್ಲಿಲ್ಲ. ಓಲಿಯ ಕೈ ಕೊಳವೆಗೆ ಒಂದೇ ಕಡೆ ಮಡಿಕೆ ಬೀಳಲ್ಲ, ಬಾಗು ಉದ್ದಕ್ಕೂ ಹಂಚಿಹೋಗತ್ತೆ, ಕುಸಿಯೋಕೆ ಜಾಗಾನೇ ಇಲ್ಲ. ಆ ಡಿಸೈನ್ ನೋಡಿದಾಗೆಲ್ಲಾ ನಂಗೆ ಆ ಅಜ್ಜಿ ನೆನಪಾಗಿ ಹೊಟ್ಟೆ ಉರಿಯತ್ತೆ.

ಕೊಳವೆ ಕೈ ಕಂಪ್ಯೂಟರಿಗೂ ಮುಂಚೆಯಿಂದ ಇದೆ. 1920, 30ರ ದಶಕದ ಅಮೆರಿಕದ ಕಪ್ಪುಬಿಳುಪು ಕಾರ್ಟೂನುಗಳಲ್ಲಿ ಎಲ್ಲಾ ಪಾತ್ರಕ್ಕೂ ಹೀಗೇ ರಬ್ಬರ್ ಪೈಪಿನ ಕೈಕಾಲು, ಯಾಕಂದ್ರೆ ಕೈಯಲ್ಲಿ ಬರೆಯೋರಿಗೂ ಮೊಣಕೈಗಿಂತ ಬಾಗಿದ ಗೆರೆ ಬೇಗ ಮುಗೀತಿತ್ತು. ಫ್ಲೈಷರ್ ಸಹೋದರರ ಬೆಟ್ಟಿ ಬೂಪ್ ಕಾಲದ ಕಾರ್ಟೂನ್ ನೋಡಿದ್ರೆ ಗೊತ್ತಾಗತ್ತೆ, ಅಲ್ಲಿ ಮೇಜು ಕುರ್ಚಿ ದೀಪ ಎಲ್ಲಾ ಹಾಡಿಗೆ ತಾಳ ಹಾಕ್ತಾ ಕುಣೀತಿರತ್ತೆ. ಓಲಿ ಮನೆಯ ಸಾಮಾನು ಕುಣಿಯೋದು ಅಲ್ಲಿಂದ ಬಂದ ಬಳುವಳಿ. ಜಾಯ್ಸ್‌ಗೆ ಆ ಹಳೇ ಕಾಲದ ಹುಚ್ಚು ಜಾಸ್ತಿ, ಅವನ ಚಿತ್ರದಲ್ಲೆಲ್ಲಾ ಹಳೇ ರೇಡಿಯೋ, ಹಳೇ ಕಾರು, ಟೋಪಿ ಹಾಕಿದ ಅಪ್ಪಂದಿರು. ಓಲಿಯ ಚಿಕ್ಕಪ್ಪ ಗಿಜ್ಮೋ ಅಂತೂ ಎಲ್ವಿಸ್ ಪ್ರೆಸ್ಲಿ ಸ್ಟೈಲು. ಹಾಗಾಗಿ ರೋಬೋಟ್ ಕಥೆ ಆದ್ರೂ ಅದು ಭವಿಷ್ಯದ ಊರಲ್ಲ, ಅಜ್ಜಿ ತಾತನ ಕಾಲದೋರು ಕನಸು ಕಂಡ ಭವಿಷ್ಯ. ಆವತ್ತೇ ಹಳೇದಾಗಿ ಕಾಣ್ತಿದ್ದಿದ್ದು ಈಗ ಇನ್ನೇನು ಹಳೇದಾಗತ್ತೆ ಹೇಳಿ. ಅದೇ ಕಾಲದ ಬೇರೆ ಕಂಪ್ಯೂಟರ್ ಕಾರ್ಟೂನ್ "ಲೇಟೆಸ್ಟ್" ಅಂತ ಮೆರೆದಿದ್ವು, ಐದು ವರ್ಷಕ್ಕೆ ಮುಗ್ಗಲು ವಾಸನೆ ಹೊಡೆದ್ವು.

ಓಲಿಯ ಗೆಳೆಯ ಬಿಲ್ಲಿ ಬೆವೆಲ್ ಇದಾನಲ್ಲ, ಪಕ್ಕದ್ಮನೆ ಚೌಕ ಹುಡುಗ, ಅವನ ಹೆಸರಲ್ಲಿ ನಮ್ಮಂಥೋರಿಗೆ ಒಂದು ಜೋಕ್ ಅಡಗಿದೆ. ತ್ರೀಡಿಯಲ್ಲಿ ಕ್ಯೂಬಿನ ಚೂಪು ಅಂಚನ್ನ ಹೆರೆದು ನಯ ಮಾಡೋ ಕಮಾಂಡಿಗೆ ಬೆವೆಲ್ ಅಂತಾರೆ, ಬಡಗಿಗಳೂ ಅದೇ ಪದ ಬಳಸ್ತಾರೆ. ಗುಂಡು ಲೋಕಕ್ಕೆ ಚೌಕದೋನು ಬಂದ, ಆದ್ರೆ ಅಂಚು ಹೆರೆಸ್ಕೊಂಡು ಬಂದ. ಹೆಸರಿಟ್ಟೋರು ನಗ್ತಾ ಇಟ್ಟಿರ್ಬೇಕು.

ನಿಮ್ಮ ತಮ್ಮನ ವಿಷಯ ಬೇಗ ಹೇಳ್ತೀನಿ. ರೋಬೋಟ್ಸ್ ಸಿನಿಮಾ ಬಂದಿದ್ದು 2005ರಲ್ಲಿ, ಓಲಿ ಮುಗಿದ ಮೇಲೆ. ಎರಡೂ ಒಂದೇ ತರ ಕಾಣೋಕೆ ಕಾರಣ ಎರಡರಲ್ಲೂ ಅದೇ ವಿಲಿಯಂ ಜಾಯ್ಸ್ ಇದಾನೆ, ಆ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬ ಮತ್ತೆ ಪ್ರೊಡಕ್ಷನ್ ಡಿಸೈನರ್. ತನ್ನ ಮನೆ ಹಿಟ್ಟಲ್ಲಿ ತಾನೇ ಇನ್ನೊಂದು ದೋಸೆ ಹುಯ್ಕೊಂಡ್ರೆ ಕಾಪಿ ಅನ್ನೋಕಾಗತ್ತಾ? ಆಮೇಲೆ 2012ರಲ್ಲಿ ಹಾರೋ ಪುಸ್ತಕಗಳ ಬಗ್ಗೆ ಮಾಡಿದ ಶಾರ್ಟ್ ಫಿಲಂಗೆ ಜಾಯ್ಸ್‌ಗೆ ಆಸ್ಕರೂ ಬಂತು. ಓಲಿಗೆ ಡೇಟೈಮ್ ಎಮ್ಮಿ ಅನ್ನೋ ಟೀವಿ ಪ್ರಶಸ್ತಿ ಬಂದಿತ್ತು.

ನಿಮ್ಮ ಮಗಳು ಯಾಕೆ ಹಿಡ್ಕೊಂಡಿದಾಳೆ ಅನ್ನೋದಕ್ಕೆ ನನ್ನ ಹತ್ರ ಒಂದು ಉತ್ತರ ಇದೆ, ಗೋಡೆ ನೋಡಿ ಸಾಕು. ಮೂರೂವರೆ ವರ್ಷ ಅಂದ್ರೆ ಈಗಾಗ್ಲೇ ಗೋಡೆ ಮೇಲೆ ಅಥವಾ ನೋಟ್‌ಬುಕ್ಕಲ್ಲಿ ಮನುಷ್ಯರನ್ನ ಬರೆಯೋಕೆ ಶುರು ಮಾಡಿರ್ತಾಳೆ. ಒಂದು ದೊಡ್ಡ ಸೊನ್ನೆ, ಒಳಗೆ ಎರಡು ಕಣ್ಣು, ಸೊನ್ನೆಯಿಂದಲೇ ನೇರ ಎರಡು ಕಾಲು, ಕೆಲವು ಸಲ ಕೆನ್ನೆಯಿಂದ ಎರಡು ಕೈ. ಹೊಟ್ಟೆ ಅನ್ನೋದೇ ಇಲ್ಲ. ಪ್ರಪಂಚದ ಯಾವ ಮೂಲೆಯ ಮಗು ಆದ್ರೂ ಮೂರು ನಾಲ್ಕು ವರ್ಷದಲ್ಲಿ ಹೆಚ್ಚುಕಮ್ಮಿ ಹೀಗೇ ಬರೆಯೋದು, ಮಕ್ಕಳ ಚಿತ್ರ ಅಧ್ಯಯನ ಮಾಡೋರು ಇದನ್ನ ಗೊದಮೊಟ್ಟೆ ಮನುಷ್ಯ ಅಂತಾರೆ. ಓಲಿ ಆ ಗೊದಮೊಟ್ಟೆ ಮನುಷ್ಯನ ಅಣ್ಣ. ಅವಳು ಬರೆದಿದ್ದೇ ಎದ್ದು ಓಡಾಡ್ತಾ ಇದೆ ಅಂದ್ರೆ ಬಿಡ್ತಾಳಾ? ದೊಡ್ಡೋರ ಕಣ್ಣಿಗೆ ಅದು ಸರಳ, ಬಡಪಾಯಿ. ಅವಳ ಕಣ್ಣಿಗೆ ಅದು ಕರೆಕ್ಟ್.

ಇನ್ನೊಂದು, ಈ ಗೋಲಗಳನ್ನ ಅವರು ಸುಮ್ನೆ ಉರುಳಿಸಿಲ್ಲ. ಓಲಿ ನೆಗೆಯೋವಾಗ ನೋಡಿ, ನೆಲ ಬಿಡೋ ಮುಂಚೆ ಮೈ ಚಪ್ಪಟೆ ಆಗತ್ತೆ, ಮೇಲೆ ಹೋಗೋವಾಗ ಉದ್ದ ಆಗತ್ತೆ, ಇಳಿದಾಗ ಮತ್ತೆ ಚಪ್ಪಟೆ. ಉದ್ದ ಆದಷ್ಟೂ ಸಪೂರ ಆಗ್ಬೇಕು, ಚಪ್ಪಟೆ ಆದಷ್ಟೂ ಅಗಲ ಆಗ್ಬೇಕು, ಒಳಗಿರೋ ಮಾಲು ಅಷ್ಟೇ ಇರ್ಬೇಕು, ಚಪಾತಿ ಉಂಡೆ ಒತ್ತಿದ ಹಾಗೆ. ಅದು ತಪ್ಪಿದ್ರೆ ಬಲೂನ್ ಊದಿದ ಹಾಗೆ ಕಾಣತ್ತೆ. ನಮ್ಮ ವಿದ್ಯಾರ್ಥಿಗಳು ಓಲಿ ತರ ಒಂದು ಬೊಂಬೆಯನ್ನ ಇಪ್ಪತ್ತು ನಿಮಿಷದಲ್ಲಿ ಮಾಡಿ ಮುಗಿಸ್ತಾರೆ, ಅದಕ್ಕೆ ಮೊದಲ ವಾರ ನಗ್ತಾರೆ ಅಂದಿದ್ದು. ಅದು ಖುಷಿಯಾಗಿ ನಡೆಯೋ ಹಾಗೆ ಮಾಡಿ ಅಂತೀನಿ. ಮುಖದಲ್ಲಿ ಹುಬ್ಬಿಲ್ಲ ಮೂಗಿಲ್ಲ, ಬೆರಳಿನ ಸಹಾಯ ಇಲ್ಲ, ಕೂದಲು ಹಾರಲ್ಲ. ಬರೀ ಗೋಲದ ತೂಕದಲ್ಲಿ, ಎಷ್ಟು ಹೊತ್ತು ನಿಂತ ಎಷ್ಟು ಬೇಗ ತಿರುಗಿದ ಅನ್ನೋದ್ರಲ್ಲಿ ಖುಷಿ ಕಾಣ್ಬೇಕು. ಮೂರು ವಾರ ಆದ್ರೂ ಕೆಲವರದ್ದು ಗಾಳಿಯಲ್ಲಿ ತೇಲೋ ಲಿಂಬೆಹಣ್ಣಿನ ತರಾನೇ ಇರತ್ತೆ.

ಓಲಿ ನಂತರದ ದಾರಿ ಎರಡು ಕಡೆ ಹೋಯ್ತು. ಸ್ಪೇನ್‌ನ ಪೊಕೊಯೊ, 2005ರದ್ದು, ನಿಮ್ಮ ಮಗಳು ನೋಡಿರ್ತಾಳೆ, ಓಲಿ ದಾರೀನೇ ಇನ್ನೂ ಬಿಗಿ ಮಾಡ್ತು, ಹಿನ್ನೆಲೆಯೇ ಬೇಡ ಅಂತ ಬರೀ ಬಿಳಿ ಗೋಡೆ ಇಟ್ಟು ಪಾತ್ರದ ಮೇಲೆ ಪೂರ್ತಿ ಗಮನ ಕೊಟ್ರು. ಇನ್ನೊಂದು ಕಡೆ ಬಟ್ಟೆ, ಹುಲ್ಲು, ಹಳ್ಳಿ ಎಲ್ಲಾ ಇರೋ ಲೋಕ. 2003ರಲ್ಲಿ ಅಮೆರಿಕದ ಪಿಬಿಎಸ್‌ನಲ್ಲಿ ಜೇಕರ್ಸ್ ಅಂತ ಬಂತು, ಐರ್ಲೆಂಡಿನ ಹಳ್ಳಿಯಲ್ಲಿ ಬೆಳೆದ ಹಂದಿ ತಾತ ಮೊಮ್ಮಕ್ಕಳಿಗೆ ಬಾಲ್ಯದ ಕಥೆ ಹೇಳೋದು. ಅದರ ಅನಿಮೇಷನ್ ಆಗಿದ್ದು ಮುಂಬೈನ ಕ್ರೆಸ್ಟ್ ಸ್ಟುಡಿಯೋದಲ್ಲಿ. ಆಗ ನಾವೆಲ್ಲಾ ಆ ಸುದ್ದಿ ಕೇಳಿ ಎದೆ ಉಬ್ಬಿಸ್ಕೊಂಡು ಓಡಾಡಿದ್ವಿ, ನಮ್ಮೋರೂ ಮಾಡ್ತಾರೆ ಅಂತ. ಈಗಲೂ ಅದನ್ನ ಪ್ರೀತಿಯಿಂದ ನೋಡ್ತೀನಿ, ಆದ್ರೆ ವಯಸ್ಸು ಅದಕ್ಕೆ ಓಲಿಗಿಂತ ಜಾಸ್ತಿ ತಾಗಿದೆ ಅನ್ನೋದು ನನ್ನ ಅಭಿಪ್ರಾಯ, ಬಟ್ಟೆ ಬಟ್ಟೆ ತರ ಬೀಳ್ಬೇಕು ಅಂತ ಆಸೆ ಪಟ್ಟ ಕಡೆಯೆಲ್ಲಾ ಆ ಕಾಲದ ಮಷೀನಿನ ಗೆರೆ ಕಾಣತ್ತೆ.

ತೊಂದರೆ ಇದ್ಯಾ ಅಂತ ಕೇಳಿದ್ರಿ. ನಾನು ಡಾಕ್ಟ್ರಲ್ಲ, ಬೊಂಬೆ ಕುಣಿಸೋನು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಮೂರು ನಾಲ್ಕು ವರ್ಷದ ಮಕ್ಕಳಿಗೆ ಕೂತು ಸ್ಕ್ರೀನ್ ನೋಡೋದು ದಿನಕ್ಕೆ ಒಂದು ಗಂಟೆ ದಾಟಬಾರದು, ಕಮ್ಮಿ ಆದಷ್ಟೂ ಒಳ್ಳೇದು ಅಂತ. ವೇಗದ ಬಗ್ಗೆ 2011ರ ಒಂದು ಅಮೆರಿಕನ್ ಪ್ರಯೋಗ ನಮ್ಮ ಫೀಲ್ಡಲ್ಲೂ ಸದ್ದು ಮಾಡಿತ್ತು, ನಾಲ್ಕು ವರ್ಷದ 60 ಮಕ್ಕಳಲ್ಲಿ ಒಂದು ಗುಂಪಿಗೆ ಒಂಬತ್ತೇ ನಿಮಿಷ ಸರಸರ ಓಡೋ ಕಾರ್ಟೂನ್ ತೋರಿಸಿ, ತಕ್ಷಣ ಗಮನ, ತಾಳ್ಮೆ ಬೇಕಾಗೋ ಆಟ ಆಡಿಸಿದ್ರೆ, ಕೂತು ಚಿತ್ರ ಬರೆದ ಮಕ್ಕಳಿಗಿಂತ ಹಿಂದೆ ಬಿದ್ರು. ಓಲಿಯಲ್ಲಿ ಕುಣಿತ ಇದೆ, ಆದ್ರೆ ಕಥೆ ನಿಧಾನ. ಸ್ನಾನ, ಊಟ, ತಂಗಿ ಜೊತೆ ಜಗಳ, ಮಲಗೋಕೆ ಹಠ, ಇಷ್ಟೇ ಸರಕು. ಏಳು ನಿಮಿಷಕ್ಕೆ ಒಂದು ಕಥೆ ಮುಗಿಯೋದ್ರಿಂದ "ಇದೊಂದು ಮುಗಿದ್ಮೇಲೆ ಫೋನ್ ಕೊಡು" ಅನ್ನೋಕೂ ಒಂದು ಜಾಗ ಸಿಗತ್ತೆ. ನಂಗೆ ಚಿಂತೆ ಓಲಿ ಬಗ್ಗೆ ಅಲ್ಲ, ಓಲಿ ಮುಗಿದ ತಕ್ಷಣ ತಾನಾಗೇ ಶುರುವಾಗೋ ಮುಂದಿನ ವಿಡಿಯೋ ಬಗ್ಗೆ. ಆಟೋಪ್ಲೇ ಆಫ್ ಮಾಡಿ, ಪಕ್ಕದಲ್ಲಿ ಕೂತ್ಕೊಳ್ಳಿ, ಕನ್ನಡದಲ್ಲಿ ನೀವೇ ಡಬ್ಬಿಂಗ್ ಕೊಡಿ, ಮಾತು ಅಷ್ಟೇನೂ ಇಲ್ಲ ಅದ್ರಲ್ಲಿ.

ನಿಮ್ಮನೆಯವರಿಗೆ ಇಷ್ಟೆಲ್ಲಾ ಓದಿದ್ಮೇಲೂ ಸಮಾಧಾನ ಆಗ್ದೇ ಇದ್ರೆ ಲ್ಯಾಪ್‌ಟಾಪಲ್ಲಿ ಬ್ಲೆಂಡರ್ ಹಾಕ್ಕೊಡಿ, ಫ್ರೀ ಸಾಫ್ಟ್‌ವೇರು. ತೆರೆದ ತಕ್ಷಣ ಮಧ್ಯದಲ್ಲಿ ಒಂದು ಬೂದು ಕ್ಯೂಬ್ ಕೂತಿರತ್ತೆ, ಅದು ಬಿಲ್ಲಿ ಅನ್ನಿ. ಪಕ್ಕಕ್ಕೆ ಸರಿಸಿ ಎರಡು ಗೋಲ ತಂದು ಒಂದರ ಮೇಲೊಂದು ಇಡೋಕೆ ಹೇಳಿ, ನೆತ್ತಿಗೆ ಒಂದು ಆಂಟೆನಾ. ಹತ್ತು ನಿಮಿಷದಲ್ಲಿ ಗುಂಡಣ್ಣ ರೆಡಿ ಆಗ್ತಾನೆ, ಮಗಳಿಗೆ ಕರೆದು ತೋರ್ಸಿ. ಅವಳು "ಇವನು ಯಾಕೆ ನಡೀತಿಲ್ಲ" ಅಂತ ಕೇಳೇ ಕೇಳ್ತಾಳೆ, ಆಗ ನಿಮ್ಮನೆಯವರು ಏನಂದ್ರು ಅಂತ ನಂಗೆ ಬರೀರಿ.